ಕುಡಿಯದವನ ಲಿವರ್

ಕೇಕ್ ಮಾಸ್ಟರ್ ಜನ್ಮದಲ್ಲಿ ಒಂದು ತೊಟ್ಟು ಹೆಂಡ ಮುಟ್ಟಿದವನಲ್ಲ. ಮುಟ್ಟಿದವರನ್ನು ಬೈಯದೆ ಬಿಟ್ಟವನೂ ಅಲ್ಲ. ಈಗ ಕಣ್ಣು ಹಳದಿ, ಹೊಟ್ಟೆ ತುಂಬ ನೀರು. ಲಿವರ್ ಹೋಗಿದೆ ಅಂದಮೇಲೆ ಬೀದಿಯವರಿಗೆ ಇನ್ನೇನು ಬೇಕು? "ಕದ್ದು ಕುಡೀತಿದ್ದ ಕಣ್ರೀ, ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದ ಹಾಗೆ" ಅಂತ ಬೇಕರಿ ಪಕ್ಕದಂಗಡಿಯ ಟೈಲರ್ ಗಿರಾಕಿಗಳಿಗೆಲ್ಲ ಹಂಚಿದ. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಿಡಿಸಿ ಹೇಳಿದರು. "ಮುಂಚೆ ಲಿವರ್ ಬದಲಾಯಿಸೋಕೆ ಬರ್ತಿದ್ದೋರಲ್ಲಿ ಕಾಮಾಲೆ ವೈರಸ್‌ನೋರೇ ಹೆಚ್ಚು. ಅದಕ್ಕೀಗ ಒಳ್ಳೆ ಮಾತ್ರೆ ಬಂದಿವೆ. ಕುಡಿಯೋರಂತೂ ಇದ್ದೇ ಇದ್ದಾರೆ. ಈಗ ನಿಮ್ಮಂಥೋರೂ ಜಾಸ್ತಿ ಆಗಿದ್ದಾರೆ. ನಿಮ್ಮದು ಕೊಬ್ಬು."

ಕೊಬ್ಬು! ಮಾಸ್ಟರ್‌ಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಈ ಮಾತನ್ನು ಅವನು ಹಿಂದೊಮ್ಮೆ ಕೇಳಿದ್ದ, ತಮ್ಮನ ಹೆಂಡತಿಯ ಬಾಯಲ್ಲಿ.

ತಮ್ಮ ಗೋಡೆಗೆ ಬಣ್ಣ ಬಳಿಯುವವನು, ಸಂಜೆಯಾದರೆ ಬಾಟಲಿ. ಲಿವರ್ ಕೆಟ್ಟಮೇಲೆ ಹಟ ಹಿಡಿದು ಕುಡಿತ ಬಿಟ್ಟಿದ್ದ. ಒಡಹುಟ್ಟಿದವರು ತಮ್ಮ ಲಿವರಿನ ಒಂದು ತುಂಡು ಕೊಟ್ಟರೆ ಬದುಕುತ್ತಾನೆ ಅಂತ ಡಾಕ್ಟರು ಅಂದಿದ್ದರಂತೆ. ಅವನ ಹೆಂಡತಿ ಬಂದು ಸೆರಗು ಹಿಂಡುತ್ತಾ ಕೇಳಿದಳು: "ಭಾವ, ಒಂದು ಟೆಸ್ಟ್ ಮಾಡಿಸಿ ನೋಡಿ. ಆಗಲ್ಲ ಅಂದ್ರೆ ಬಿಡಿ."

"ಮಾಡಿದ್ದುಣ್ಣೋ ಮಹರಾಯ ಅಂತ ಹೇಳು ಅವನಿಗೆ" ಅಂದ ಮಾಸ್ಟರ್. "ಕುಡಿಯೋವಾಗ ನನ್ನ ಕೇಳಿ ಕುಡಿದನಾ?"

ಮಾಸ್ಟರನ ಮಗಳು ಕೊಟ್ಟ ಟೀಯನ್ನು ಅವಳು ಹಾಗೇ ಕೆಳಗಿಟ್ಟಳು. "ನಿಮಗೆ ಕೊಬ್ಬು ಭಾವ" ಅಂದು ಎದ್ದು ಹೋದಳು. ತಮ್ಮ ಸತ್ತ.

ಅವಳು ಹೇಳಿದ್ದು ಒಂದು ಕೊಬ್ಬು, ಡಾಕ್ಟರಮ್ಮ ಹೇಳಿದ್ದು ಇನ್ನೊಂದು. ಎರಡೂ ಇವನಲ್ಲಿ ಸಮೃದ್ಧವಾಗಿದ್ದವು ಅನ್ನಿ. ಬೇಕರಿಯಲ್ಲಿ ಕೇಕ್ ಚೌಕ ಮಾಡುವಾಗ ನಾಲ್ಕು ಕಡೆಯ ಅಂಚು ಕೊಯ್ಯಬೇಕು. ಕೊಯ್ದದ್ದು ಅರ್ಧ ಬಾಯಿಗೆ, ಅರ್ಧ ಪೊಟ್ಟಣ ಕಟ್ಟಿ ಮನೆಗೆ, ಮಗಳಿಗೆ. ಕ್ರೀಮಿನ ಹದ ನೋಡಲು ಬೆರಳು, ಬೆರಳು ತೊಳೆಯಲು ನಾಲಿಗೆ. ಬೆಳಗಿಂದ ಸಂಜೆವರೆಗೂ ಇದೇ.

ಆ ಮಗಳೇ ಈಗ ಮುಂದೆ ಬಂದಳು. "ನಾನು ಕೊಡ್ತೀನಪ್ಪ, ಸುಮ್ನಿರಿ" ಅಂದಳು. ರಕ್ತ ಹೊಂದಿತು. ಇವನ ಜೀವವೆಲ್ಲ ಅವಳ ಸ್ಕ್ಯಾನಿನ ಮೇಲೆ ನಿಂತಿತು.

ಡಾಕ್ಟರಮ್ಮ ತಲೆಯಾಡಿಸಿದರು. "ಆಗಲ್ಲಮ್ಮ. ನಿನ್ನ ಲಿವರ್‌ನಲ್ಲೂ ಕೊಬ್ಬಿದೆ. ತೂಕ ಇಳಿಸಿದ್ರೆ ಹೋಗುತ್ತೆ, ಆದ್ರೆ ಅಲ್ಲೀತನಕ ನಿಮ್ಮ ತಂದೆ ಕಾಯೋ ಸ್ಥಿತಿಯಲ್ಲಿಲ್ಲ. ಸತ್ತವರ ಲಿವರ್‌ಗೆ ಹೆಸರು ಬರೆಸಿ, ಸಿಕ್ಕರೆ ಅದೃಷ್ಟ. ನಿನಗಂತೂ ಒಳ್ಳೇದಾಯ್ತು ಬಿಡು. ಅಪ್ಪನಿಗೆ ಕೊಡೋಕೆ ಬಂದೆ, ನಿಂದು ಬೇಗ ಗೊತ್ತಾಯ್ತು."

ಮಾಸ್ಟರ್ ನಿಧಾನವಾಗಿ ಕೇಳಿದ: "ನಾನೂ ಹಿಂದೆ ಯಾರಿಗಾದ್ರೂ ಕೊಡೋಕೆ ಅಂತ ಟೆಸ್ಟ್ ಮಾಡಿಸಿದ್ರೆ, ನಂದೂ ಹೀಗೇ ಗೊತ್ತಾಗ್ತಿತ್ತಾ?"

"ಗೊತ್ತಾಗ್ದೇ ಏನು? ಆಗ ಬಾಯಿ ಕಟ್ಟಿದ್ರೆ ಇಷ್ಟಕ್ಕೆ ಬರ್ತಾನೇ ಇರಲಿಲ್ಲ. ಯಾಕೆ, ಯಾರಾದ್ರೂ ಕೇಳಿದ್ರಾ?"

ಮಗಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು.

"ಇಲ್ಲ" ಅಂದ ಮಾಸ್ಟರ್. "ಯಾರೂ ಕೇಳಲಿಲ್ಲ."

ಮಗಳು ಚೀಲ ಎತ್ತಿಕೊಂಡು ಹೊರಗೆ ಹೋದಳು.