ಲಿಫ್ಟಿನವಳು ಕಲಿತ ಒಂದು ಮಾತು

ಹೋಟೆಲಿನ ಲಿಫ್ಟ್ ನಡೆಸುತ್ತಿದ್ದ ಹೆಂಗಸಿಗೆ ಜೊತೆಯವರು ಇಟ್ಟ ಹೆಸರು ಸಿಡುಕಿ. ಮೂಗಿನ ತುದಿಯಲ್ಲೇ ಕೋಪ. ದಿನವಿಡೀ ನಿಂತು ಕಾಲು ಬಾತುಕೊಳ್ಳುತ್ತಿತ್ತು. ಒಂದು ಸ್ಟೂಲು ಕೊಡಿ ಎಂದು ಕೇಳಿ ಕೇಳಿ ಅವಳ ಬಾಯಿ ಒಣಗಿತ್ತು.

ಸ್ಪ್ಯಾನಿಷ್ ಮಾತಾಡುವ ಪ್ರವಾಸಿಗಳ ತಂಡ ಬರುವುದಿತ್ತು. ಮ್ಯಾನೇಜರು ಕೆಲಸದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಪಾಠ ಶುರುಮಾಡಿದ. ಬೆಳಿಗ್ಗೆ ‘ಬ್ವೆನೋಸ್ ದಿಯಾಸ್’, ಮಧ್ಯಾಹ್ನ ‘ಬ್ವೆನಾಸ್ ತಾರ್ದೆಸ್’, ಆಮೇಲೆ ‘ಕೋಮೋ ಎಸ್ತಾ’, ಅಂದರೆ ‘ಹೇಗಿದ್ದೀರಿ’. ಪಾತ್ರೆ ತೊಳೆಯುವವನ ನಾಲಿಗೆಯಲ್ಲಿ ಮೊದಲನೆಯದು ‘ಬೇನೆ ದಿವಸ’ ಆಯಿತು.

“ನಮಗೆ ಅದೇ ಸರಿ ಬಿಡಪ್ಪ,” ಎಂದಳು ಸಿಡುಕಿ. “ಸಾರ್, ಅವರು ತಿರುಗಿ ನಮ್ಮನ್ನ ಹೇಗಿದ್ದೀರಿ ಅಂದ್ರೆ?”

“ನಿನ್ನನ್ನ ಯಾರಮ್ಮ ಕೇಳ್ತಾರೆ?” ಮ್ಯಾನೇಜರು ನಕ್ಕ.

ಅವಳ ಮೈ ಉರಿದುಹೋಯಿತು. ಮನೆಗೆ ಬಂದವಳೇ ಪಾತ್ರೆ ಕುಕ್ಕಿದಳು.

“ಪಾತ್ರೆ ಏನ್ ಮಾಡ್ತು ಅಕ್ಕ ನಿಂಗೆ?” ಎಂದಳು ತಂಗಿ. ವಿಷಯ ಕೇಳಿ ಫೋನಿನಲ್ಲಿ ಹುಡುಕಿದಳು. “ಬಿಯೆನ್ ಅನ್ನು. ಚೆನ್ನಾಗಿದೀನಿ ಅಂತ.”

“ಸುಳ್ಳು ಯಾಕೆ ಕಲೀಲಿ? ಚೆನ್ನಾಗಿಲ್ಲ ಅನ್ನೋದಕ್ಕೆ ಏನಂತಾರೆ ನೋಡು.”

“ಮಾಲ್.”

ತಂಡ ಬಂತು. ಕೋಲೂರಿಕೊಂಡು ಲಿಫ್ಟ್ ಹತ್ತಿದ ಅಜ್ಜಿಗೆ ಸಿಡುಕಿ ಹಲ್ಲು ಕಚ್ಚಿಕೊಂಡು ಪಾಠ ಒಪ್ಪಿಸಿದಳು. ಅಜ್ಜಿ ಚೆನ್ನಾಗಿದ್ದೇನೆಂದು ತಲೆಯಾಡಿಸಿ, ಅವಳತ್ತ ಕೈ ತೋರಿಸಿ ಅದೇ ಪ್ರಶ್ನೆ ಕೇಳಿದಳು.

“ಮಾಲ್!” ಎಂದಳು ಸಿಡುಕಿ. ಮುಂದಿನದು ಕನ್ನಡದಲ್ಲೇ ನುಗ್ಗಿತು. “ಈ ಕಾಲು ನೋಡಿ ತಾಯಿ. ನಾಯಿಗಾದ್ರೂ ಕೂರೋಕೆ ಜಾಗ ಇರುತ್ತೆ.”

ಅಜ್ಜಿ ಬಗ್ಗಿ ನೋಡಿದಳು. ತನ್ನ ಮಹಡಿ ಬಂದರೂ ಇಳಿಯಲಿಲ್ಲ. ಕೆಳಕ್ಕೆ ಬೆರಳು ತೋರಿಸಿದಳು. ಕೆಳಗಿಳಿದವಳೇ ಕೌಂಟರಿಗೆ ಕೋಲು ಬಡಿದು ತನ್ನ ಭಾಷೆಯಲ್ಲಿ ಮ್ಯಾನೇಜರನ ಮೇಲೆ ಹರಿಹಾಯ್ದಳು. ಕಲಿತ ಮೂರು ಮಾತು ಬಿಟ್ಟು ಬೇರೇನೂ ಗೊತ್ತಿಲ್ಲದ ಅವನು “ಬ್ವೆನಾಸ್ ತಾರ್ದೆಸ್” ಎಂದು ಕೈಮುಗಿದ. ಅಜ್ಜಿಯ ಕೋಪ ನೆತ್ತಿಗೇರಿತು. ತಂಡದ ಗೈಡು ಬಂದು ಅರ್ಥ ಹೇಳಿದ ಮೇಲೆ ಲಿಫ್ಟಿಗೆ ಸ್ಟೂಲು ಬಂತು.

ಸಿಡುಕಿ ಕೂತಳು, ಆದರೆ ಹೊಟ್ಟೆಯೊಳಗಿನ ಬೆಂಕಿ ಆರಲಿಲ್ಲ. “ನಾನು ಕೇಳಿದಾಗ ನಿಮ್ಮ ಕಿವಿ ಎಲ್ಲಿಗೆ ಹೋಗಿತ್ತು ಸಾರ್?”

ತಂಡ ಹೊರಟುಹೋದ ಮಧ್ಯಾಹ್ನವೇ ಮ್ಯಾನೇಜರು ಬಂದು, “ಏಳು, ಸ್ಟೂಲು ಒಳಗಿಡಬೇಕು,” ಎಂದ.

“ಏಳಲ್ಲ.”

“ಏನಂದೆ?”

“ಕನ್ನಡದಲ್ಲೇ ಹೇಳಿದೀನಿ. ಎಷ್ಟನೇ ಮಹಡಿ ಸಾರ್?”

ಲಿಫ್ಟಿನಲ್ಲಿದ್ದ ಅತಿಥಿಗಳು ಅವನ ಮುಖವನ್ನೇ ನೋಡುತ್ತಿದ್ದರು. ಅವನು ಮೆಟ್ಟಿಲು ಹಿಡಿದು ಹೋದ.