ಕುದ್ರುವಿನಿಂದ ಒಂದೇ ಕೂಗು

ನಾನು ಕುಂಞಿ ಮೋನು, ಊರವರ ಬಾಯಲ್ಲಿ ಮೋನಾಕ; ನನ್ನ ಜಿನಸಿನ ಅಂಗಡಿ ಎಂದರೆ ಆಲಂಕಾರು ಊರಿನಲ್ಲಿ ಎಲ್ಲರಿಗೂ ಗೊತ್ತು. ನನ್ನ ನಾಲಿಗೆ ಸ್ವಲ್ಪ ಉದ್ದ ಎಂಬುದೂ ಗೊತ್ತು. ಕುಲೆ, ದೆವ್ವ ಎಂದು ಕಥೆ ಹೊಡೆಯುವವರನ್ನು ಬೈದೇ ಕಳಿಸುವವನು ನಾನು. ಪದ್ಮಯ್ಯನೊಬ್ಬನನ್ನು ಬೈಯಲು ಮಾತ್ರ ಮನಸ್ಸು ಬರಲಿಲ್ಲ.

ಪದ್ಮಯ್ಯ ಕುಮಾರಧಾರೆಯಲ್ಲಿ ದೋಣಿ ದಾಟಿಸುವವನು. ಹೊಳೆಯ ನಡುವೆ ಒಂದು ಕುದ್ರು, ಸುತ್ತ ನೀರಿರುವ ತುಂಡು ನೆಲ. ಹಿಂದೆ ಅಲ್ಲಿ ಸಾಲು ಮನೆಗಳಿದ್ದವಂತೆ. ಒಂದೊಂದು ನೆರೆಗೆ ಒಂದೊಂದು ಮನೆ, ಒಳಗಿದ್ದವರ ಸಮೇತ ಹೋಯಿತು. ಹಾಗೆ ಹೋದವರು ಮುಸ್ಸಂಜೆಗೆ ದೋಣಿ ಕರೆಯುತ್ತಾರೆ, ಆದರೆ ಒಮ್ಮೆ ಮಾತ್ರ ಎಂದು ಇಲ್ಲಿನವರ ನಂಬಿಕೆ. ಜೀವ ಇದ್ದವರಾದರೆ ಮತ್ತೊಮ್ಮೆ ಕರೆದೇ ಕರೆಯುತ್ತಾರೆ. ಹಾಗಾಗಿ ಸಂಜೆಯ ಮೊದಲ ಕೂಗಿಗೆ ಯಾವ ದೋಣಿಯವನೂ ಓಗೊಡುವುದಿಲ್ಲ.

ಕೊನೆಗೆ ಉಳಿದದ್ದು ಪದ್ಮಯ್ಯನ ತಂಗಿ ಸೇವಂತಿಯ ಮನೆ. ಗಂಡ ಸತ್ತ ಮೇಲೂ ದನಗಳನ್ನು ಬಿಟ್ಟು ಬರಲು ಒಪ್ಪದ ಹಠಮಾರಿ ಅವಳು. ದೊಡ್ಡ ನೆರೆ ಬಂದ ವರ್ಷ, ಕತ್ತಲಾಗುವ ಹೊತ್ತಿಗೆ, ಅಲ್ಲಿಂದ "ಅಣ್ಣಾ" ಎಂದು ಕೇಳಿಸಿತು. ಪದ್ಮಯ್ಯ ಹುಟ್ಟು ಹಿಡಿದು ನಿಂತ. ಎರಡನೇ ಕೂಗಿಗೆ ಕಾದ. ಅದು ಬರಲೇ ಇಲ್ಲ. ಬೆಳಿಗ್ಗೆ ನೋಡಿದರೆ ಕುದ್ರುವಿನಲ್ಲಿ ಮನೆಯೂ ಇಲ್ಲ, ಸೇವಂತಿಯೂ ಇಲ್ಲ.

ಅಂದಿನಿಂದ ಇವನಿಗೆ ದಿನಾ ಸಂಜೆ ಆ ಕೂಗು ಕೇಳುತ್ತದೆ. ಮೊದಲ ಕೂಗಿಗೇ "ಬಂದೆ" ಎಂದು ಹೊರಟು ಖಾಲಿ ಕುದ್ರುವಿಗೆ ಹೋಗಿ ಬರುತ್ತಾನೆ, ಮಳೆಗಾಲದಲ್ಲೂ. ಒಂದು ದಿನ ಇವನೂ ಹೊಳೆಪಾಲಾಗುತ್ತಾನೆ ಎಂದು ನನಗೆ ಹೆದರಿಕೆ. ಬುದ್ಧಿ ಹೇಳೋಣವೆಂದು ಕಳೆದ ಮಾರ್ಚಿನಲ್ಲಿ ಬೇಗ ಅಂಗಡಿ ಮುಚ್ಚಿ ಅವನ ಜೊತೆ ಹೊರಟೆ.

"ಎಂತದೂ ಇಲ್ಲ ಮಾರಾಯ, ಎಲ್ಲ ನಿನ್ನ ತಲೆಯೊಳಗೆ ಇರುದು," ಎಂದೆ.

"ಬನ್ನಿ ಮೋನಾಕ, ನೀವೇ ಕೇಳಿ."

ದಡದಲ್ಲೇ ನನಗೂ ಕೇಳಿಸಿತು. "ಅಣ್ಣಾ." ನಾನು ಅವನ ಹಿಂದೆಯೇ ದೋಣಿ ಹತ್ತಿದೆ. ಪದ್ಮಯ್ಯ ಓಗೊಟ್ಟು ದೋಣಿ ಬಿಟ್ಟ. ನಡುಹೊಳೆಗೆ ಬಂದಾಗ, ಇಷ್ಟು ವರ್ಷ ಬಾರದ ಎರಡನೇ ಕೂಗು ಬಂತು.

"ಬರ್ಬೇಡ ಅಣ್ಣ. ನೀರು ಏರ್ತಾ ಉಂಟು."

ಬಗ್ಗಿ ನೋಡಿದೆ. ಬೇಸಿಗೆಯ ಹೊಳೆ, ತಳದ ಕಲ್ಲುಗಳು ಕಾಣುತ್ತಿದ್ದವು.

"ತಿರುಗಿಸು ಪದ್ಮಯ್ಯ, ಬರ್ಬೇಡ ಹೇಳಿದಳಲ್ಲ," ಎಂದು ಅವನ ತೋಳು ಹಿಡಿದೆ.

ಅವನು ಅಳುತ್ತಿದ್ದ. ಹುಟ್ಟು ಹಾಕುವುದನ್ನು ಮಾತ್ರ ನಿಲ್ಲಿಸಲಿಲ್ಲ.

"ಅವತ್ತು ಎರಡನೇ ಸಲ ಇದನ್ನಾದರೂ ಕೂಗಿ ಹೇಳಿದ್ದರೆ, ಅವಳಿಗೆ ಜೀವ ಉಂಟು ಅಂತ ಗೊತ್ತಾಗಿ ನಾನು ಹೋಗ್ತಿದ್ದೆ ಮೋನಾಕ," ಎಂದ.