ಎಳ್ಳುಕಾಳಿನಷ್ಟು ಕಲ್ಲಿನ ಸ್ನಾನ

ಶುಚಿತ್ವಕ್ಕಿಂತ ದೊಡ್ಡ ಸಾಧನೆ ಮನುಷ್ಯ ಜನ್ಮದಲ್ಲಿ ಇನ್ನೊಂದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಹಾಗೆ ಹೇಳಿದವರು ಯಾರೂ ಅದನ್ನು ಸಂಬಳಕ್ಕಾಗಿ ಮಾಡಿದವರಲ್ಲ. ನಾನು ಮಾಡಿದ್ದೇನೆ. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ, ಭಾನುವಾರ ರಜೆ.

ಅರವತ್ತರ ದಶಕದ ನಡುಭಾಗದಲ್ಲಿ ಮಧುಗಿರಿಯ ಹೊರಗೆ, ಬೆಟ್ಟಕ್ಕೆ ಬೆನ್ನು ಮಾಡಿ ನಿಂತಿದ್ದ ಒಂದು ಶೆಡ್ಡಿನಲ್ಲಿ ರೇಡಿಯೋಗಳಿಗೆ ಬೇಕಾದ ಡಯೋಡುಗಳು ತಯಾರಾಗುತ್ತಿದ್ದವು. ಡಯೋಡ್ ಎಂದರೆ ವಿದ್ಯುತ್ತನ್ನು ಒಂದೇ ಕಡೆಗೆ ಬಿಡುವ, ಹಿಂದಕ್ಕೆ ಬರಗೊಡದ ಪುಟ್ಟ ಬಾಗಿಲು. ಅದರ ಹೊಟ್ಟೆಯಲ್ಲಿರುವುದು ಜರ್ಮೇನಿಯಂ ಎಂಬ ಬೂದು ಹೊಳಪಿನ ಚೂರು, ಗಾತ್ರದಲ್ಲಿ ಎಳ್ಳುಕಾಳಿನಷ್ಟು. ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ಕೊಳೆ ಉಳಿದರೂ ಬಾಗಿಲು ಸಡಿಲವಾಗಿ ವಿದ್ಯುತ್ತು ಹಿಂದಕ್ಕೆ ಸೋರುತ್ತದೆ. ಸೋರುವ ಡಯೋಡು ಸೋರುವ ಕೊಡದಷ್ಟೂ ಉಪಯೋಗವಿಲ್ಲ. ಕೊಡದಲ್ಲಿ ಕಾಳನ್ನಾದರೂ ತುಂಬಿಡಬಹುದು.

ಇಂಥ ಸೂಕ್ಷ್ಮ ವಸ್ತುವಿನ ತಯಾರಿಕೆಗೆ ನಮ್ಮ ಯಜಮಾನರು ಆರಿಸಿಕೊಂಡದ್ದು ತಮ್ಮ ಮಾವನವರ ಕಡಲೆಕಾಯಿ ಗೋದಾಮನ್ನು. ಬಾಡಿಗೆ ಇರಲಿಲ್ಲ. ಧೂಳಿಗೆ ಕೊರತೆಯೂ ಇರಲಿಲ್ಲ. ಅದರ ಒಂದು ಮೂಲೆಗೆ ಗೋಡೆ ಎಬ್ಬಿಸಿ, ಕಿಟಕಿಗೆ ಒದ್ದೆ ಗೋಣಿ ತೂಗುಹಾಕಿ, ‘ತೊಳೆಯುವ ಕೋಣೆ’ ಎಂದು ನಾಮಕರಣ ಮಾಡಿದರು. ಬಾಗಿಲಿನ ಒಳಗೂ ಹೊರಗೂ ಒಂದೊಂದು ಬೋರ್ಡು: ‘ಮಾತನಾಡಬಾರದು. ಯಾರೂ ಒಳಗೆ ಬರಬಾರದು.’ ಎಂಜಲು ಹಾರಬಾರದೆಂದು ನಾನು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ತಲೆಗೆ ಎಣ್ಣೆ ಹಚ್ಚಬಾರದು. ಯಜಮಾನರು ನಿಯಮಕ್ಕೆ ತಲೆಬಾಗುವ ಮನುಷ್ಯ. ಗೋಡೆಗೆ ಸುಣ್ಣ ಬಳಿಸಿದ ಮೇಲೆ ಅವರೂ ಒಳಗೆ ಕಾಲಿಡಲಿಲ್ಲ; ಏನಿದ್ದರೂ ಗೋಣಿಯಾಚೆಯಿಂದ ಮಾತು.

ಕೆಲಸ ಇಷ್ಟೇ. ಚಿಮುಟದಲ್ಲಿ ಚೂರನ್ನು ಹಿಡಿದು ಆಮ್ಲದಲ್ಲಿ ಅದ್ದಬೇಕು, ಮೇಲಿನ ಪದರ ಕರಗುತ್ತದೆ. ಆಮೇಲೆ ಬಟ್ಟಿ ಇಳಿಸಿದ ನೀರಿನಲ್ಲಿ ಮೂರು ಸಲ ಜಾಲಿಸಿ, ಸ್ಪಿರಿಟ್ಟಿನಲ್ಲಿ ಮುಳುಗಿಸಿ, ಒಣಗಿಸಿ, ಗಾಜಿನ ತಟ್ಟೆಗೆ ಹಾಕಿ ಮುಚ್ಚಬೇಕು. ದಿನಕ್ಕೆ ಎಂಟು ಗಂಟೆ ನಾನು, ಚಿಮುಟ, ಚೂರು. ನಮ್ಮೂರು ಮಿಡಿಗೇಶಿಗೆ ಹೋಗುವ ಬಸ್ಸಿನ ಹಾರನ್ನು ಕೇಳಿಸಿದಾಗ ಮಧ್ಯಾಹ್ನವಾಯಿತೆಂದು ತಿಳಿಯುತ್ತಿತ್ತು. ಸಂಜೆ ಹೋಟೆಲಿನಲ್ಲಿ ‘ಒಂದು ಕಾಫಿ’ ಎನ್ನಲು ಬಾಯಿ ತೆರೆದರೆ ಮೊದಲ ಸಲ ದನಿಯೇ ಹೊರಡುತ್ತಿರಲಿಲ್ಲ. ಎರಡನೆಯ ಸಲ ಹೊರಡುವಷ್ಟರಲ್ಲಿ ಮಾಣಿ ಬೇರೆ ಮೇಜಿಗೆ ಹೋಗಿರುತ್ತಿದ್ದ.

ನಾನು ಬಾಡಿಗೆಗಿದ್ದ ಮನೆಯ ಯಜಮಾನಿ ಮಾತ್ರ ದಿನಕ್ಕೊಂದು ಸಲ ವಿಚಾರಿಸಿಕೊಳ್ಳುತ್ತಿದ್ದಳು.

“ದಿನಾಗ್ಲೂ ಒಳಗ್ ಕುಂತ್ಕಂಡು ಕಲ್ಲು ತೊಳೀತೀಯಂತೆ, ಹೌದೇನಪ್ಪಾ?”

“ಹೌದಮ್ಮ.”

“ತೊಳ್ದು ಬೇಯಿಸ್ತಾರಾ?”

“ಇಲ್ಲಮ್ಮ, ರೇಡಿಯೋಗೆ ಹಾಕ್ತಾರೆ.”

“ಅಯ್ಯೋ, ಅದಕ್ಕೇ ಕಣಪ್ಪ ಅದು ಅಂಗ್ ಗೊರಗೊರ ಅಂತದೆ,” ಎಂದು ಒಳಗೆ ಹೋಗುತ್ತಿದ್ದಳು. ಅಲ್ಲಿಗೆ ನನ್ನ ಆ ದಿನದ ಸಂಭಾಷಣೆ ಮುಗಿಯುತ್ತಿತ್ತು.

ಬಟ್ಟಿ ಇಳಿಸಿದ ನೀರು ಬೆಂಗಳೂರಿನಿಂದ ದೊಡ್ಡ ಗಾಜಿನ ಜಾಡಿಗಳಲ್ಲಿ, ಮೈತುಂಬ ಹುಲ್ಲು ಸುತ್ತಿಸಿಕೊಂಡು ಬಸ್ಸಿನ ಮೇಲೆ ಬರುತ್ತಿತ್ತು. ಜಾಡಿಯನ್ನು ದಿನಕ್ಕೆ ಹತ್ತಾರು ಸಲ ಬಗ್ಗಿಸುವುದು ಒಬ್ಬನಿಗೆ ಕಷ್ಟ. ಮೇಲಾಗಿ ಅದರ ಬಾಯಿಯ ಸುತ್ತ ಹುಲ್ಲಿನ ಧೂಳು. ಮೊದಲ ವಾರದಲ್ಲೇ ಇದಕ್ಕೊಂದು ಉಪಾಯ ಕಂಡುಕೊಂಡೆ. ಹಿಂದಿನ ವರ್ಷ ತೀರಿಕೊಂಡ ಅಮ್ಮನದೊಂದು ತಾಮ್ರದ ಬಿಂದಿಗೆ ನನ್ನ ಹತ್ತಿರ ಇತ್ತು. ಮಿಡಿಗೇಶಿಯ ಮನೆಯಿಂದ ನಾನು ತಂದುಕೊಂಡ ವಸ್ತು ಅದೊಂದೇ. ಅದನ್ನು ಹುಣಸೇಹಣ್ಣು ಹಾಕಿ ಫಳಫಳ ಉಜ್ಜಿ, ತೊಳೆದು, ದಿನಕ್ಕೆ ಬೇಕಾದ ನೀರನ್ನು ಒಂದೇ ಸಲಕ್ಕೆ ಅದಕ್ಕೆ ತುಂಬಿಸಿಟ್ಟುಕೊಳ್ಳತೊಡಗಿದೆ. ತಾಮ್ರದ ಬಿಂದಿಗೆಯ ನೀರಿಗಿಂತ ಶುದ್ಧವಾದದ್ದು ನಮ್ಮ ಮನೆಯಲ್ಲಿ ಯಾವುದೂ ಇರಲಿಲ್ಲ. ಹಾಗಾಗಿ ಯಾರನ್ನೂ ಕೇಳಲಿಲ್ಲ. ಕೋಣೆಯಲ್ಲಿ ಒಬ್ಬರಾದರೂ ಜೊತೆಗಿದ್ದಂತಾಯಿತು ಎಂಬುದನ್ನು ಯಾರಿಗೂ ಹೇಳಲೂ ಇಲ್ಲ.

ಮೊದಲನೆಯ ಕಂತಿನ ಡಯೋಡುಗಳು ಬೆಂಗಳೂರಿನ ರೇಡಿಯೋ ಕಾರ್ಖಾನೆಯಿಂದ ವಾಪಸ್ ಬಂದವು: ಸೋರುತ್ತವೆ. ನಾನು ಬಿಂದಿಗೆಯನ್ನು ದಿನಕ್ಕೆರಡು ಸಲ ಉಜ್ಜಿದೆ. ಎರಡನೆಯದೂ ಬಂತು. ನೀರು ಇನ್ನಷ್ಟು ಶುದ್ಧವಾಗಲೆಂದು ರಾತ್ರಿಯೆಲ್ಲ ಬಿಂದಿಗೆಯಲ್ಲೇ ಬಿಟ್ಟು ಬೆಳಗ್ಗೆ ಬಳಸಿದೆ. ಮೂರನೆಯ ಕಂತು ಮೊದಲೆರಡಕ್ಕಿಂತ ಕೆಟ್ಟದಾಗಿ, ಬೇಗನೆ ಬಂತು.

ಯಜಮಾನರು ಗೋಣಿಯಾಚೆ ನಿಂತು ಹೇಳಿದರು: “ನೋಡಯ್ಯಾ, ನಾಲ್ಕನೇದೂ ವಾಪಸ್ ಬಂದ್ರೆ ತೊಳೆಯೋ ಕೆಲಸಾನ ಬೆಂಗಳೂರಿಗೇ ಕೊಟ್ಬಿಡ್ತೀನಿ. ಈ ರೂಮಿಗೆ ಮತ್ತೆ ಕಡಲೆಕಾಯಿ.”

“ನನಗೆ ಸಾರ್?”

“ನಿನಗೂ ಕಡಲೆಕಾಯಿ.”

ಕೆಲಸ ಹೋದರೆ ಹೋಗಲು ಮಿಡಿಗೇಶಿ ಇತ್ತು. ಮಿಡಿಗೇಶಿಯಲ್ಲಿ ಅಮ್ಮ ಇರಲಿಲ್ಲ.

ನಾಲ್ಕನೆಯ ಕಂತಿನ ಚೂರುಗಳನ್ನೆಲ್ಲ ತೊಳೆದು, ಗಾಜಿನ ತಟ್ಟೆಯಲ್ಲಿ ಮುಚ್ಚಿಟ್ಟ ಮಧ್ಯಾಹ್ನ ಹೊರಗೆ ದನಿ ಕೇಳಿಸಿತು: “ಕಲಾಯ್... ಪಾತ್ರೆಗೆ ಕಲಾಯ್...” ಸೈಕಲ್ಲಿಗೆ ತಿದಿ ಕಟ್ಟಿಕೊಂಡು, ಹಿತ್ತಾಳೆ ತಾಮ್ರದ ಪಾತ್ರೆಗಳ ಒಳಮೈಗೆ ತವರದ ಲೇಪ ಹಾಕುತ್ತ ಸಿರಾದಿಂದ ಊರೂರು ಸುತ್ತಿ ಬರುವ ಒಬ್ಬ ವಯಸ್ಸಾದ ಸಾಬರು. ಬಿಂದಿಗೆಗೆ ಏನೂ ಆಗಿರಲಿಲ್ಲ. ನನಗೆ ಮಾತಾಡಬೇಕಿತ್ತು. ಅದನ್ನು ಖಾಲಿ ಮಾಡಿ ಎತ್ತಿಕೊಂಡು ಹೊರಗೆ ಓಡಿದೆ.

ಸಾಬರು ಬಿಂದಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ನೀರಿನ ಬಿಂದಿಗೆಗೆ ಕಲಾಯಿ ಯಾತಕ್ಕೆ ಸಾಮಿ? ಅದಿರ್ಲಿ, ದಿನಕ್ಕೆ ಎಷ್ಟು ಸಲ ಉಜ್ತೀರಿ?”

“ಎರಡು ಸಲ.”

“ಹುಣಸೇಹಣ್ಣು ಹಾಕಿ?”

“ಹೂಂ.”

“ತೌಬಾ! ಇದೇನು ಬಿಂದಿಗೇನೋ, ನಿಮ್ಮ ದುಶ್ಮನ್ನೋ? ಇಂಗೆ ಉಜ್ಜಿದ್ರೆ ತಾಮ್ರ ಎಲ್ಲಿ ಉಳೀತದೆ? ನೀರಿಗೆ ಇಳ್ದು ಹೋಗ್ತದೆ.”

“ಒಳ್ಳೇದಲ್ವಾ ಸಾಬ್ರೇ ಅದು?”

“ಕುಡಿಯೋರಿಗೆ ಒಳ್ಳೇದೇ. ತಾಮ್ರ ಇಳೀಲಿ ಅಂತಾನೇ ಅಲ್ವಾ ತಾಮ್ರದಾಗೆ ಇಡೋದು? ಯಾರು ಕುಡೀತಾರೆ?”

“ಕಲ್ಲು.”

ಅವರು ನನ್ನ ಮುಖಕ್ಕಿನ್ನೂ ಕಟ್ಟಿಕೊಂಡೇ ಇದ್ದ ಬಟ್ಟೆಯನ್ನು ನೋಡಿದರು. ಹುಚ್ಚರೊಂದಿಗೆ ಮಾತಾಡುವ ಮೃದುತ್ವದಿಂದ ಹೇಳಿದರು: “ಹಂಗಾದ್ರೆ ಕಲ್ಲನ್ನೇ ಕೇಳ್ಬೇಕು ಸಾಮಿ, ಒಗ್ಗುತ್ತದೋ ಇಲ್ವೋ ಅಂತ.” ಬಿಂದಿಗೆಯನ್ನು ನನ್ನ ಕೈಗಿಟ್ಟು ಸೈಕಲ್ ತಳ್ಳಿಕೊಂಡು ಹೊರಟುಹೋದರು.

ನಾನು ರಸಾಯನಶಾಸ್ತ್ರ ಓದಿ ಪಾಸಾದವನು. ನೀರಿಗಿಳಿದ ತಾಮ್ರ ಜಾಲಿಸುವಾಗ ಜರ್ಮೇನಿಯಮ್ಮಿನ ಮೈಗೆ ಹತ್ತಿ ಕೂರಬಹುದೆಂದು ಊಹಿಸಲು ಆ ಓದು ಧಾರಾಳವಾಗಿ ಸಾಕಾಗಿತ್ತು. ಮೂರು ಕಂತು ನಾನು ಮಾಡಿದ್ದು ತೊಳೆಯುವ ಕೆಲಸವಲ್ಲ, ಕೊಳೆ ಬಳಿಯುವ ಕೆಲಸ. ಅದೂ ಎಷ್ಟು ಶ್ರದ್ಧೆಯಿಂದ!

ಒಳಗೆ ಹೋಗಿ ನಾಲ್ಕನೆಯ ಕಂತಿನ ಅಷ್ಟೂ ಚೂರುಗಳನ್ನು ಮತ್ತೆ ಆಮ್ಲಕ್ಕೆ ಹಾಕಿದೆ. ಹೊಸ ಜಾಡಿಯ ಬಾಯಿ ಒರೆಸಿ, ಹುಲ್ಲಿನ ಸಿಂಬೆಯ ಮೇಲಿಟ್ಟು, ತೊಡೆಯಿಂದ ಒತ್ತಿ ಬಗ್ಗಿಸಿ, ನೀರನ್ನು ನೇರ ಗಾಜಿನ ಬಟ್ಟಲಿಗೇ ಹುಯ್ದುಕೊಂಡೆ. ಮೂರು ಸಲ ಹೇಳಿದ್ದ ಕಡೆ ಆರು ಸಲ ಜಾಲಿಸಿದೆ. ಬಿಂದಿಗೆ ಬಾಗಿಲ ಹೊರಗೆ ಬಿಸಿಲಿನಲ್ಲಿ ಕೂತಿತ್ತು.

ಸಂಜೆ ಯಜಮಾನರು ಗೋಣಿಯ ಹತ್ತಿರ ಬಂದಾಗ ಎಲ್ಲವನ್ನೂ ಹೇಳಿದೆ.

“ತಾಮ್ರದ್ದಾ?”

“ಹೌದು ಸಾರ್.”

“ನಿಮ್ಮಮ್ಮಂದಾ?”

“ಹೌದು ಸಾರ್.”

“ಮೊದಲೇ ಒಂದು ಮಾತು ಕೇಳಬಾರದಾಗಿತ್ತೇನಯ್ಯಾ?”

“ಮಾತಾಡಬಾರದು ಅಂತ ಬೋರ್ಡಿದೆ ಸಾರ್.”

ಮರುದಿನ ಬೋರ್ಡಿನಲ್ಲಿ ಇನ್ನೊಂದು ಸಾಲು ಸೇರಿತ್ತು: ‘ಮನೆಯ ಪಾತ್ರೆ ತರಬಾರದು.’ ಮಾತನಾಡಬಾರದು ಎಂಬುದನ್ನು ಅಳಿಸಿರಲಿಲ್ಲ. ಬಿಂದಿಗೆಯನ್ನು ಮನೆಗೆ ಒಯ್ದು ಕುಡಿಯುವ ನೀರಿಗಿಟ್ಟುಕೊಂಡೆ. ಕೋಣೆಯಲ್ಲಿ ಅದು ಕೂರುತ್ತಿದ್ದ ಜಾಗದಲ್ಲಿ ದುಂಡಗಿನ ಗುರುತು ಬಹಳ ದಿನ ಉಳಿದಿತ್ತು. ಅದನ್ನು ಮಾತ್ರ ನಾನು ತೊಳೆಯಲಿಲ್ಲ.

ನಾಲ್ಕನೆಯ ಕಂತು ವಾಪಸ್ ಬರಲಿಲ್ಲ. ನನ್ನ ಕೆಲಸ ಉಳಿಯಿತು. ಆ ಕೋಣೆಯಲ್ಲಿ ಇನ್ನೂ ಮೂರು ವರ್ಷ ಒಬ್ಬನೇ ಕೂತೆ.